ಪುಸ್ತಕದ ದರ, ಆಟದ ಡಿಸ್ಕ್

ಅಮೆರಿಕದ ಅಂಚೆಯಲ್ಲಿ ಕಾದಂಬರಿ, ಹಾಡಿನ ಸಿಡಿ, ಸಿನಿಮಾದ ಡಿವಿಡಿ ಎಲ್ಲವೂ ‘ಮೀಡಿಯಾ ಮೇಲ್’ ಎಂಬ ಅಗ್ಗದ ದರದಲ್ಲಿ ಹೋಗುತ್ತವೆ. ಅದೇ ಅಳತೆಯ, ಅದೇ ತೂಕದ ವಿಡಿಯೊ ಗೇಮ್ ಡಿಸ್ಕ್ ಮಾತ್ರ ಹೋಗುವಂತಿಲ್ಲ. ಈ ಭೇದದ ಬೇರು 1938ರಲ್ಲಿದೆ. ಅದಕ್ಕೆ ಮೊದಲು ಪುಸ್ತಕದ ಪಾರ್ಸೆಲ್‌ಗೆ ದೂರ ಹೆಚ್ಚಿದಷ್ಟೂ ದುಡ್ಡು ಹೆಚ್ಚು. ಪ್ರಕಾಶಕರ ನಗರಗಳಿಂದ ದೂರವಿದ್ದ ಹಳ್ಳಿಯ ಓದುಗನಿಗೇ ಅದು ದುಬಾರಿ. ಆ ವರ್ಷ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್, ದೇಶದ ಯಾವ ಮೂಲೆಗಾದರೂ ಪುಸ್ತಕಕ್ಕೆ ಪೌಂಡಿಗೆ ಒಂದೂವರೆ ಸೆಂಟ್ ಎಂದು ಘೋಷಿಸಿದರು. ಅಂದರೆ ದೂರಕ್ಕಿಂತ ಪೊಟ್ಟಣದ ಒಳಗೇನಿದೆ ಎಂಬುದೇ ದರವನ್ನು ತೀರ್ಮಾನಿಸತೊಡಗಿತು. ಮುಂದೆ ಫಿಲಂ, ಧ್ವನಿಮುದ್ರಿಕೆಗಳೂ ಈ ಸಾಲಿಗೆ ಸೇರಿದವು.

ಆಟ ಬರೀ ಮನರಂಜನೆ, ಅದಕ್ಕೇಕೆ ರಿಯಾಯಿತಿ ಎಂದು ಕೇಳಬಹುದು. ಆದರೆ ಪತ್ತೇದಾರಿ ಕಾದಂಬರಿಗಾಗಲಿ ಹಾಸ್ಯಚಿತ್ರದ ಡಿವಿಡಿಗಾಗಲಿ ಯಾರೂ ಗುಣಪರೀಕ್ಷೆ ಮಾಡುವುದಿಲ್ಲ. 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ, ಪುಸ್ತಕ, ನಾಟಕ, ಸಿನಿಮಾಗಳಂತೆ ವಿಡಿಯೊ ಗೇಮ್‌ಗೂ ಅಭಿವ್ಯಕ್ತಿ ಸ್ವಾತಂತ್ರ್ಯದ ರಕ್ಷಣೆ ಉಂಟು ಎಂದಿತು. ರಿಯಾಯಿತಿ ಹಿಗ್ಗಿದರೆ ಅಂಚೆಗೆ ಹೊರೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಅದು ಸಾಲಿನಲ್ಲಿರುವ ಎಲ್ಲ ವಸ್ತುಗಳಿಗೂ ಸಲ್ಲುವ ಮಾತು, ಆಟವನ್ನಷ್ಟೇ ಹೊರಗಿಡಲು ಕಾರಣವಾಗದು. ನಿಯಮ ಇರುವವರೆಗೆ ಕಳಿಸುವವರು ಪಾಲಿಸಲೇಬೇಕು: ಮೀಡಿಯಾ ಮೇಲ್ ಪೊಟ್ಟಣವನ್ನು ಅಂಚೆಯವರು ತೆರೆದು ನೋಡಬಹುದು, ಆಟ ಸಿಕ್ಕರೆ ಬಾಕಿ ದರ ಕೇಳಬಹುದು. ಬದಲಾಗಬೇಕಾದ್ದು ನಿಯಮವೇ, 1938ರ ತರ್ಕವನ್ನು ಪ್ರಾಮಾಣಿಕವಾಗಿ ಮುಂದುವರಿಸಿದರೆ ಅದರಲ್ಲಿ ಆಟಕ್ಕೂ ಜಾಗವಿದೆ.