ಅಗ್ನಿಶಾಮಕ ಸೇವೆ: ಕಾನೂನು ಮತ್ತು ಹೊಣೆಗಾರಿಕೆಯ ವಿಕಾಸ

ಬೆಂಕಿ ನಂದಿಸುವುದು ಪ್ರಭುತ್ವದ ಕರ್ತವ್ಯವೆಂಬ ಭಾವನೆ ತೀರ ಪ್ರಾಚೀನವಾದುದಲ್ಲ. 1666ರ ಮಹಾ ಅಗ್ನಿ ದುರಂತದ ತರುವಾಯ ಲಂಡನ್ನಿನ ವಿಮಾ ಕಂಪನಿಗಳು ತಮ್ಮದೇ ಆದ ಅಗ್ನಿಶಾಮಕ ಪಡೆಗಳನ್ನು ಇರಿಸಿಕೊಂಡವು. 1833ರಲ್ಲಿ ಈ ಪಡೆಗಳು ಒಂದುಗೂಡಿದರೂ ಅವುಗಳ ಮುಖ್ಯ ಕಾಳಜಿ ಆಸ್ತಿಯೇ ಆಗಿತ್ತು. 1861ರ ಟೂಲಿ ಸ್ಟ್ರೀಟ್ ಬೆಂಕಿಯಲ್ಲಿ ಪಡೆಯ ಮುಖ್ಯಸ್ಥ ಜೇಮ್ಸ್ ಬ್ರೇಡ್‌ವುಡ್ ಮಡಿದನು. ಅಪಾರ ನಷ್ಟಕ್ಕೆ ಗುರಿಯಾದ ಕಂಪನಿಗಳು ಈ ಹೊಣೆಯನ್ನು ಸರ್ಕಾರಕ್ಕೆ ಒಪ್ಪಿಸಲು ಮುಂದಾದವು. 1865ರ ಮೆಟ್ರೊಪಾಲಿಟನ್ ಫೈರ್ ಬ್ರಿಗೇಡ್ ಕಾಯಿದೆಯು ಬೆಂಕಿ ನಂದಿಸುವುದರ ಜೊತೆಗೆ ಜೀವ ಮತ್ತು ಆಸ್ತಿಗಳ ರಕ್ಷಣೆಯನ್ನೂ ಸಾರ್ವಜನಿಕ ಕರ್ತವ್ಯವನ್ನಾಗಿಸಿತು.

ಈ ಕಾಯಿದೆಯ ಒಂದು ಎಳೆಯನ್ನು ಕರ್ನಾಟಕ ಅಗ್ನಿಶಾಮಕ ದಳ ಅಧಿನಿಯಮ, 1964ರಲ್ಲಿಯೂ ಗುರುತಿಸಬಹುದು. ಸಿಬ್ಬಂದಿಯು ಕರ್ತವ್ಯ ನಿರ್ವಹಣೆಯಲ್ಲಿ ಮಾಡಿದ ಹಾನಿಯನ್ನು ವಿಮೆಯ ದೃಷ್ಟಿಯಿಂದ ಬೆಂಕಿಯಿಂದಾದ ಹಾನಿಯೆಂದೇ ಪರಿಗಣಿಸಬೇಕೆಂಬ ನಿಯಮ ಎರಡೂ ಕಡೆ ಇದೆ. ಇದು ಕೇವಲ ಲೆಕ್ಕಾಚಾರದ ಮಾತಲ್ಲ. ಒಳಗೆ ಸಿಲುಕಿದವರಿಗಾಗಿ ಬಾಗಿಲು ಒಡೆಯುವವನು ಒಡೆದ ಬಾಗಿಲಿನ ಬೆಲೆಯನ್ನು ಯೋಚಿಸುವಂತಾಗಬಾರದೆಂಬ ನೈತಿಕ ನಿಲುವು ಅದರ ಹಿಂದಿದೆ.

ಇದೇ ಅಧಿನಿಯಮವು ಬೆಂಕಿಯ ಅಪಾಯವುಳ್ಳ ಸ್ಥಳಗಳಲ್ಲಿ ಮುನ್ನೆಚ್ಚರಿಕೆಯ ಕ್ರಮಗಳನ್ನು ವಿಧಿಸುವ ಅಧಿಕಾರವನ್ನೂ ಸರ್ಕಾರಕ್ಕೆ ನೀಡಿತು. ಆದರೆ ಅಧಿಕಾರವಿದ್ದ ಮಾತ್ರಕ್ಕೆ ರಕ್ಷಣೆ ದೊರೆಯದು. 1981ರ ಫೆಬ್ರುವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ತಗುಲಿ 92 ಜನ ಮೃತರಾದರು. ಅವರಲ್ಲಿ ಹೆಚ್ಚಿನವರು ಮಕ್ಕಳು. 2010ರ ಫೆಬ್ರುವರಿ 23ರಂದು ಅದೇ ನಗರದ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 9 ಜನ ಅಸುನೀಗಿದರು. ಹೊಗೆಯಿಂದ ಪಾರಾಗಲು ಮೇಲಿನಿಂದ ಜಿಗಿದವರೂ ಅವರಲ್ಲಿದ್ದರು. ಅಗ್ನಿಶಾಮಕ ವಾಹನ ತಲುಪುವ ಮೊದಲೇ ಜೀವಗಳ ಅಳಿವು ಉಳಿವು ನಿರ್ಧಾರವಾಗಿಬಿಡಬಹುದು ಎಂಬುದನ್ನು ಇಂತಹ ದುರಂತಗಳು ತೋರಿಸಿಕೊಟ್ಟವು. ತೆರೆದ ನಿರ್ಗಮನ ದ್ವಾರ, ಹೊಗೆ ನುಗ್ಗದ ಮೆಟ್ಟಿಲು, ನೀರಿನ ಸಂಗ್ರಹ ಇವು ಶೌರ್ಯದಷ್ಟೇ ಮುಖ್ಯವಾದವು.

ಹೀಗೆ ಸೇವೆಯ ಸ್ವರೂಪವೇ ಬದಲಾಯಿತು. ನೀರಿನ ಕೊಳವೆ ಹಿಡಿದವನು ಕಟ್ಟಡವನ್ನು ತಪಾಸಣೆ ಮಾಡಿ ನಿರಾಕ್ಷೇಪಣಾ ಪತ್ರ ನೀಡುವವನೂ ಆದನು. ಆದರೆ ಲೋಪವಾದಾಗ ಹೊಣೆ ಯಾರದು? 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಮೃತಪಟ್ಟ ಪ್ರಕರಣದಲ್ಲಿ ಉಚ್ಚ ನ್ಯಾಯಾಲಯವು 2003ರಲ್ಲಿ ಮಾಲೀಕರು ಮತ್ತು ವಿದ್ಯುತ್ ಮಂಡಳಿಯೊಡನೆ ಪರವಾನಗಿ ಪ್ರಾಧಿಕಾರವನ್ನೂ ನಗರಪಾಲಿಕೆಯನ್ನೂ ಪರಿಹಾರಕ್ಕೆ ಹೊಣೆಯಾಗಿಸಿತ್ತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಎರಡು ಸಂಸ್ಥೆಗಳನ್ನು ಪರಿಹಾರದ ಹೊಣೆಯಿಂದ ಮುಕ್ತಗೊಳಿಸಿ, ಶೇ. 85ರಷ್ಟನ್ನು ಮಾಲೀಕರ ಮೇಲೂ ಶೇ. 15ರಷ್ಟನ್ನು ವಿದ್ಯುತ್ ಮಂಡಳಿಯ ಮೇಲೂ ಹೊರಿಸಿತು.

ಅನುಮತಿ ನೀಡುವ ಅಧಿಕಾರ ಮತ್ತು ಅದರ ಫಲಕ್ಕೆ ಉತ್ತರಿಸುವ ಬಾಧ್ಯತೆ ಸಮನಾಗಿ ಬೆಳೆದಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ. ಕಾನೂನು ತಲುಪದ ಈ ಅಂತರವನ್ನು ವೃತ್ತಿನೀತಿಯೇ ತುಂಬಬೇಕಾಗಿದೆ. ಉರಿಯುವ ಮನೆಗೆ ನುಗ್ಗುವ ಧೈರ್ಯವನ್ನು ಸಮಾಜ ಗೌರವಿಸುತ್ತದೆ. ಮುಚ್ಚಿದ ನಿರ್ಗಮನ ದ್ವಾರವನ್ನು ಕಂಡು ಸಹಿ ಹಾಕಲು ನಿರಾಕರಿಸುವ ಅಧಿಕಾರಿಯೂ ಅದೇ ಗೌರವಕ್ಕೆ ಅರ್ಹನು.