ಮೂಲಶಿಕ್ಷಣದಿಂದ ಶ್ರಮದಾನದ ಪೀರಿಯಡ್‌ವರೆಗೆ

ಶಾಲೆಯ ಪಠ್ಯಕ್ರಮದಲ್ಲಿ ಸಮಾಜಸೇವೆಗೂ ಜಾಗ ಇರಬೇಕು ಎಂಬ ಮಾತು ಪ್ರತಿ ಹೊಸ ಶಿಕ್ಷಣ ನೀತಿಯೊಂದಿಗೆ ಹೊಸದಾಗಿ ಹುಟ್ಟಿಬಂದಂತೆ ಕೇಳುತ್ತದೆ. ನಿಜದಲ್ಲಿ ನಮ್ಮ ದೇಶ ಅದನ್ನು ಮೂರು ನಾಲ್ಕು ಬಾರಿ ಮಾಡಿ ನೋಡಿದೆ, ಪ್ರತಿ ಬಾರಿಯೂ ಬೇರೆ ಹೆಸರಿಟ್ಟಿದೆ. ಯಾಕೆ ನೆಲೆಯೂರಲಿಲ್ಲ ಎಂದು ಕೇಳಿದರೆ ಸಿದ್ಧ ಉತ್ತರವೊಂದಿದೆ: ಓದಿದವರಿಗೆ ಮೈಮುರಿದು ದುಡಿಯುವುದೆಂದರೆ ತಾತ್ಸಾರ, ಮೇಲುಜಾತಿಯ ತಂದೆತಾಯಿಯರಿಗೆ ಮಗ ಪೊರಕೆ ಹಿಡಿಯುವುದು ಅವಮಾನ. ಈ ಉತ್ತರದಲ್ಲಿ ಸತ್ಯವಿದೆ, ಆದರೆ ಅರ್ಧ ಮಾತ್ರ. ಮೈಗಳ್ಳತನ ಎಲ್ಲ ಕಾಲದಲ್ಲೂ ಇತ್ತು. ಪ್ರಯೋಗ ಕೆಲವು ಕಡೆ ಬದುಕಿ ಕೆಲವು ಕಡೆ ಸತ್ತದ್ದೇಕೆ ಎಂಬುದನ್ನು ಅದು ವಿವರಿಸುವುದಿಲ್ಲ. ದಾಖಲೆಗಳನ್ನು ಕಾಲಕ್ರಮದಲ್ಲಿ ಓದಿದರೆ ಬೇರೆಯೇ ಒಂದು ಕಾರಣ ಎದ್ದು ಕಾಣುತ್ತದೆ. ಮಕ್ಕಳ ಕೆಲಸ ಪಾಠದ ಒಳಗಿದ್ದಷ್ಟು ಕಾಲ ಅದು ಶಿಕ್ಷಣವಾಗಿತ್ತು. ವೇಳಾಪಟ್ಟಿಯಲ್ಲಿ ಅದಕ್ಕೆ ಬೇರೆ ಮನೆ ಕಟ್ಟಿಕೊಟ್ಟ ಮೇಲೆ ಒಂದು ಕಡೆ ಬಿಟ್ಟಿ ಚಾಕರಿಯಾಯಿತು, ಇನ್ನೊಂದು ಕಡೆ ಸರ್ಟಿಫಿಕೇಟಾಯಿತು.

ಆರಂಭ ವಾರ್ಧಾದ್ದು. 1937ರಲ್ಲಿ ಹಲವು ಪ್ರಾಂತಗಳಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ಅಧಿಕಾರಕ್ಕೆ ಬಂದವು. ಪಾನನಿರೋಧ ಅವುಗಳ ವಾಗ್ದಾನ. ಆದರೆ ಶಾಲೆಗಳಿಗೆ ಹಣ ಒದಗುತ್ತಿದ್ದ ಮುಖ್ಯ ಮೂಲಗಳಲ್ಲಿ ಹೆಂಡದ ಅಬಕಾರಿಯೂ ಒಂದು. ಅಂಗಡಿ ಮುಚ್ಚಿದರೆ ಶಾಲೆಯೂ ಮುಚ್ಚಬೇಕೇ? ಶಾಲೆ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಲಿ ಎಂದು ಗಾಂಧೀಜಿ ‘ಹರಿಜನ’ ಪತ್ರಿಕೆಯಲ್ಲಿ ಬರೆದದ್ದಕ್ಕೆ ಈ ಇಕ್ಕಟ್ಟೂ ಒಂದು ಕಾರಣ. ಆ ವರ್ಷದ ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನ ಜಾಕಿರ್ ಹುಸೇನರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಡಿಸೆಂಬರಿನಲ್ಲೇ ವರದಿ ಬಂತು. 1938ರ ಫೆಬ್ರವರಿಯಲ್ಲಿ ಹರಿಪುರ ಕಾಂಗ್ರೆಸ್ ಅಧಿವೇಶನ ಅದರ ತತ್ತ್ವವನ್ನು ಒಪ್ಪಿತು. ಕನ್ನಡದಲ್ಲಿ ಮೂಲಶಿಕ್ಷಣ ಎಂದು ಹೆಸರಾದ ಯೋಜನೆ ಇದೇ. ಏಳರಿಂದ ಹದಿನಾಲ್ಕರವರೆಗಿನ ಮಕ್ಕಳಿಗೆ ಏಳು ವರ್ಷದ ಶಿಕ್ಷಣ, ಮಾತೃಭಾಷೆಯಲ್ಲಿ ಪಾಠ, ಇಂಗ್ಲಿಷ್ ಇಲ್ಲ. ಶಾಲೆಯ ದಿನ ಐದೂವರೆ ಗಂಟೆ. ಅದರಲ್ಲಿ 3 ಗಂಟೆ 20 ನಿಮಿಷ ಕೈಕಸುಬಿಗೆ.

ಈ 3 ಗಂಟೆ 20 ನಿಮಿಷವನ್ನೇ ಹಿಡಿದು ಯೋಜನೆಯನ್ನು ಹೊಗಳಿದವರೂ ತೆಗಳಿದವರೂ ಇದ್ದಾರೆ. ಇಬ್ಬರೂ ಅದರ ಪಕ್ಕದಲ್ಲಿದ್ದ ಮುಖ್ಯ ಸಂಗತಿಯನ್ನು ಅಷ್ಟಾಗಿ ಗಮನಿಸಲಿಲ್ಲವೆಂದು ನನಗೆ ಅನ್ನಿಸುತ್ತದೆ. ಕೆಲಸ ಅಲ್ಲಿ ಪಾಠದ ಬಿಡುವಿನಲ್ಲಿ ಮಾಡುವ ಇನ್ನೊಂದು ಚಟುವಟಿಕೆಯಾಗಿರಲಿಲ್ಲ; ಪಾಠ ಹೇಳುವ ದಾರಿಯೇ ಅದಾಗಿತ್ತು. ತಕಲಿಯಲ್ಲಿ ತೆಗೆದ ನೂಲಿನ ಉದ್ದವನ್ನೂ ತೂಕವನ್ನೂ ಹೋಲಿಸಿ ಅದರ ನಂಬರು ಕಂಡುಹಿಡಿಯುವುದು ಭಾಗಾಕಾರದ ಲೆಕ್ಕ. ಹತ್ತಿ ಯಾವ ಮಣ್ಣಿನಲ್ಲಿ ಬೆಳೆಯುತ್ತದೆ ಎಂಬುದು ಭೂಗೋಳ, ಆ ಹತ್ತಿ ಲ್ಯಾಂಕಶೈರಿಗೆ ಹೋಗಿ ಬಟ್ಟೆಯಾಗಿ ಮರಳಿದ ಕಥೆ ಚರಿತ್ರೆ. ಇದಕ್ಕೆ ಸಮವಾಯ ಪದ್ಧತಿ ಎಂದರು. ಸೇವಾಗ್ರಾಮದಲ್ಲಿ ಹಿಂದುಸ್ತಾನಿ ತಾಲೀಮಿ ಸಂಘದ ಪರವಾಗಿ ಆರ್ಯನಾಯಕಂ ದಂಪತಿ ನಡೆಸಿದ ಶಾಲೆಯಲ್ಲಿ ಅಡಿಗೆಮನೆಯ ಲೆಕ್ಕ ಬರೆಯುವುದರಿಂದ ಹಿಡಿದು ಕಕ್ಕಸಿನ ಹೊಲಸನ್ನು ಗೊಬ್ಬರ ಮಾಡುವವರೆಗೆ ಎಲ್ಲವೂ ಇದೇ ಕ್ರಮದಲ್ಲಿ ಸಾಗಿತು. ಊರಿನ ಚೊಕ್ಕಟ ಆರೋಗ್ಯದ ಪಾಠವಾಯಿತು, ಗೊಬ್ಬರದ ಗುಂಡಿ ವಿಜ್ಞಾನದ ಪಾಠವಾಯಿತು. ಅಲ್ಲಿ ಜಾತಿ ನೋಡಿ ಕೆಲಸ ಹಂಚುತ್ತಿರಲಿಲ್ಲ ಎಂಬುದು ಇನ್ನೂ ದೊಡ್ಡ ಮಾತು.

ಆಕ್ಷೇಪಗಳು ಮೊದಲ ದಿನವೇ ಎದ್ದವು, ಅವು ಹಗುರವಾದವೂ ಅಲ್ಲ. ಅರ್ಥಶಾಸ್ತ್ರಜ್ಞ ಕೆ. ಟಿ. ಶಾ ಸ್ವಾವಲಂಬನೆಯ ಅಂಶವನ್ನೇ ಪ್ರಶ್ನಿಸಿದರು. ಸರ್ಕಾರದ ಬೆಂಬಲದಲ್ಲಿ ಮಕ್ಕಳು ತಯಾರಿಸಿದ ಸರಕು ಮಾರುಕಟ್ಟೆಗೆ ಬಂದರೆ ಬಡ ಕಸುಬುದಾರನ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ, ಶಾಲೆ ಕಾರ್ಖಾನೆಯಾಗುತ್ತದೆ ಎಂಬುದು ಅವರ ವಾದದ ತಿರುಳು. ಅವರು ಸರಿ ಇದ್ದರು. 1944ರ ಸಾರ್ಜೆಂಟ್ ವರದಿ ಕೆಲಸದ ಮೂಲಕ ಕಲಿಯುವುದನ್ನು ಒಪ್ಪಿತು, ಆದರೆ ಮಕ್ಕಳು ಮಾಡಿದ ವಸ್ತುಗಳನ್ನು ಮಾರಿ ಶಿಕ್ಷಣ ತನ್ನ ಖರ್ಚು ಹೊರಬೇಕೆಂಬುದನ್ನು ಖಂಡಿತವಾಗಿ ತಳ್ಳಿಹಾಕಿತು. ಆದಾಯದ ಆಸೆ ಹೊಕ್ಕ ಕಡೆ ಪಾಠ ಹಿಂದೆ ಸರಿಯುತ್ತದೆ. ನೂಲಿನ ತೂಕ ಮಾತ್ರ ಉಳಿಯುತ್ತದೆ. ಸಾರ್ಜೆಂಟ್ ವರದಿ ಎಳೆದ ಗೆರೆ ಇಂದಿಗೂ ಸರಿಯಾದ ಗೆರೆ ಎಂದೇ ನನ್ನ ಅಭಿಪ್ರಾಯ.

ಎರಡನೆಯ ಆಕ್ಷೇಪ ಜಾತಿಯದು, ಅದು ಹೆಚ್ಚು ಗಂಭೀರ. 1953ರಲ್ಲಿ ಮದರಾಸಿನ ಮುಖ್ಯಮಂತ್ರಿ ರಾಜಾಜಿ ಹಳ್ಳಿಯ ಪ್ರಾಥಮಿಕ ಶಾಲೆಗಳ ಪಾಠವನ್ನು ದಿನಕ್ಕೆ ಮೂರು ಗಂಟೆಗೆ ಇಳಿಸಿ, ಉಳಿದ ಹೊತ್ತಿನಲ್ಲಿ ಮಗು ಮನೆತನದ ಕಸುಬು ಕಲಿಯಲಿ ಎಂದರು. ನಮ್ಮ ದಕ್ಷಿಣ ಕನ್ನಡ ಆಗ ಮದರಾಸು ರಾಜ್ಯದಲ್ಲೇ ಇತ್ತು. ಕ್ಷೌರಿಕನ ಮಗ ಕ್ಷೌರಿಕನಾಗಿಯೇ, ಅಗಸನ ಮಗ ಅಗಸನಾಗಿಯೇ ಉಳಿಯುವ ಕುಲಕಸುಬಿನ ಶಿಕ್ಷಣ ಇದು ಎಂದು ಪೆರಿಯಾರ್ ಮತ್ತು ದ್ರಾವಿಡ ಚಳವಳಿಯವರು ಬೀದಿಗಿಳಿದರು. 1954ರ ಏಪ್ರಿಲಿನಲ್ಲಿ ರಾಜಾಜಿ ಅಧಿಕಾರ ಬಿಟ್ಟರು, ಮರುತಿಂಗಳೇ ಹೊಸ ಮುಖ್ಯಮಂತ್ರಿ ಕಾಮರಾಜರು ಯೋಜನೆಯನ್ನು ಕೈಬಿಟ್ಟರು. ಕೆಲಸವನ್ನು ಶಾಲೆಗೆ ತಂದರೆ ಜಾತಿಯೂ ಜೊತೆಗೆ ಬರುತ್ತದೆ ಎಂಬುದಕ್ಕೆ ಈ ಪ್ರಸಂಗವನ್ನು ಸಾಕ್ಷಿಯಾಗಿ ಕೊಡುವುದುಂಟು. ಆದರೆ ರಾಜಾಜಿ ಕೆಲಸವನ್ನು ಶಾಲೆಗೆ ತರಲಿಲ್ಲ, ಮಗುವನ್ನೇ ಶಾಲೆಯಿಂದ ಆಚೆ ಕಳಿಸಿದರು. ಅಲ್ಲಿ ಮೇಷ್ಟರಿಲ್ಲ, ಪಾಠವಿಲ್ಲ. ಪಟ್ಟಣದ ಮಕ್ಕಳಿಗೆ ಆ ನಿಯಮವೂ ಇಲ್ಲ. ಸೇವಾಗ್ರಾಮದ ಬ್ರಾಹ್ಮಣ ಹುಡುಗ ಕಕ್ಕಸು ತೊಳೆದದ್ದಕ್ಕೂ ಮದರಾಸಿನ ಅಗಸರ ಹುಡುಗ ಬಟ್ಟೆಯ ಗಂಟು ಹೊರಬೇಕಾಗಿದ್ದುದಕ್ಕೂ ಇರುವ ಅಂತರ ಇದು.

ಆದರೂ ಮೂಲಶಿಕ್ಷಣದ ಪರವಾಗಿ ಇಷ್ಟು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಸ್ವಾತಂತ್ರ್ಯದ ನಂತರ ಸಾವಿರಾರು ಶಾಲೆಗಳ ಮುಂದೆ ಮೂಲಶಿಕ್ಷಣದ ಬೋರ್ಡು ಬಂತು, ಒಳಗೆ ಸಮವಾಯ ಬಲ್ಲ ಉಪಾಧ್ಯಾಯರು ಬರಲಿಲ್ಲ. ಕೊಠಡಿಯ ಮೂಲೆಯಲ್ಲಿ ತಕಲಿ, ಹಲಗೆಯ ಮೇಲೆ ಎಂದಿನ ಬಾಯಿಪಾಠ. ಅದಕ್ಕಿಂತ ಕೆಟ್ಟದ್ದು, ಈ ಶಾಲೆಗಳು ಬಹುಪಾಲು ಹಳ್ಳಿಯ ಬಡವರ ಪಾಲಿಗೆ ಬಂದವು. ಸ್ಥಿತಿವಂತರ ಮಕ್ಕಳು ಎಂದಿನಂತೆ ಪಟ್ಟಣದ ಇಂಗ್ಲಿಷ್ ಶಾಲೆಗೆ ಹೋದರು. ತನ್ನ ಮಗನಿಗೆ ನೂಲು, ಸಾಹುಕಾರನ ಮಗನಿಗೆ ಇಂಗ್ಲಿಷು ಎಂಬುದನ್ನು ಕಂಡ ದಲಿತ ತಂದೆ ಮೂಲಶಿಕ್ಷಣವನ್ನು ಬೇಡವೆಂದರೆ ಅದು ದುಡಿಮೆಯ ಮೇಲಿನ ತಾತ್ಸಾರವಲ್ಲ, ನ್ಯಾಯವಾದ ಅನುಮಾನ.

1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಈ ಇತಿಹಾಸದ ತಿರುವು. ಉತ್ಪಾದಕ ಚಟುವಟಿಕೆ, ಅದಕ್ಕೆ ಪಾಠದ ಜೋಡಣೆ, ಊರಿನ ಸಮಾಜದೊಂದಿಗೆ ಸಂಪರ್ಕ: ಮೂಲಶಿಕ್ಷಣದ ಈ ಮೂರೂ ಅಂಶಗಳು ಸರಿಯಾದವೆಂದು ಆಯೋಗ ಒಪ್ಪಿತು. ಒಪ್ಪಿದ ಮೇಲೆ ಅವನ್ನು ಬೇರೆ ಬೇರೆ ಮಾಡಿತು. ಕೆಲಸಕ್ಕೆ ಕಾರ್ಯಾನುಭವವೆಂಬ ಒಂದು ಶೀರ್ಷಿಕೆ, ಸಮಾಜಸೇವೆಗೆ ಇನ್ನೊಂದು; ಸೇವೆಗೆ ಕೆಳ ಪ್ರೌಢ ಹಂತದಲ್ಲಿ ಒಟ್ಟು 30 ದಿನ, ಮೇಲಿನ ಪ್ರೌಢ ಹಂತದಲ್ಲಿ 20 ದಿನ, ಪದವಿಯಲ್ಲಿ 60 ದಿನ. ದಿನಗಳ ಲೆಕ್ಕ ಸಿಕ್ಕಿತು, ನಡುವಿನ ಜೋಡಣೆ ಕಳಚಿತು. ಆಯೋಗದ ಸದಸ್ಯರಲ್ಲಿ ಒಬ್ಬರಾದ ಕೆ. ಜಿ. ಸೈಯದೈನ್ ಜಾಕಿರ್ ಹುಸೇನ್ ಸಮಿತಿಯಲ್ಲೂ ಇದ್ದವರು. ಅಂಥವರ ಕಣ್ಣೆದುರೇ ಹೀಗಾಯಿತೆಂಬುದು ವಿಚಿತ್ರ. 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆಯನ್ನು (ಎನ್‌ಎಸ್‌ಎಸ್) 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭಿಸಿದ ಕೇಂದ್ರ ಶಿಕ್ಷಣ ಸಚಿವ ವಿ. ಕೆ. ಆರ್. ವಿ. ರಾವ್ ಆಗ ಬಳ್ಳಾರಿಯ ಲೋಕಸಭಾ ಸದಸ್ಯರು. ಎನ್‌ಎಸ್‌ಎಸ್ ಶಿಬಿರಗಳು ಎಷ್ಟೋ ಹಳ್ಳಿಗೆ ರಸ್ತೆ, ಚರಂಡಿ, ಗಿಡಮರ ಕೊಟ್ಟಿವೆ. ಆದರೆ ಎರಡು ವರ್ಷದ 240 ಗಂಟೆಯ ಸೇವೆಗೂ ವಿದ್ಯಾರ್ಥಿ ಓದುವ ಅರ್ಥಶಾಸ್ತ್ರಕ್ಕೋ ಸಸ್ಯಶಾಸ್ತ್ರಕ್ಕೋ ಕೊಂಡಿ ಹಾಕುವುದು ಯಾರ ಹೊಣೆಯೂ ಆಗಲಿಲ್ಲ. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಎಸ್‌ಯುಪಿಡಬ್ಲ್ಯು (ಸಮಾಜೋಪಯೋಗಿ ಉತ್ಪಾದಕ ಕೆಲಸ) ಎಂಬ ಹೆಸರಿನಲ್ಲಿ ಗಾಂಧೀಜಿಯ ಆಶಯವನ್ನು ಮತ್ತೆ ಶಾಲೆಯ ನಡುಮನೆಗೆ ತರಲು ಹೊರಟಿತು. ಉಳಿದದ್ದು ವಾರದ ಒಂದೆರಡು ಪೀರಿಯಡ್, ಮೇಣದಬತ್ತಿ, ಹೂದಾನಿ, ಮೈದಾನದ ಕಲ್ಲು ಆರಿಸುವುದು, ಕೊನೆಗೆ ಒಂದು ಗ್ರೇಡು.

ಕಡ್ಡಾಯವಾಗಿ ಮಾಡಿಸಿದ್ದು ಸೇವೆ ಹೇಗಾಗುತ್ತದೆ ಎಂದು ಕೇಳುವವರಿದ್ದಾರೆ. ಮಗುವಿನಿಂದ ತ್ಯಾಗವನ್ನು ನಿರೀಕ್ಷಿಸಿದರೆ ಆ ಪ್ರಶ್ನೆ ಸರಿ. ಕಲಿಕೆಯನ್ನು ನಿರೀಕ್ಷಿಸಿದರೆ ಪ್ರಶ್ನೆಯೇ ಏಳುವುದಿಲ್ಲ. ಮಗ್ಗಿಯನ್ನು ಯಾರೂ ಮಗುವಿನ ಒಪ್ಪಿಗೆ ಕೇಳಿ ಕಲಿಸುವುದಿಲ್ಲವಲ್ಲ. ಪರೀಕ್ಷೆಯ ಒತ್ತಡದಲ್ಲಿ ಇದಕ್ಕೆಲ್ಲ ಹೊತ್ತೆಲ್ಲಿ ಎಂಬ ಮಾತೂ ಕೆಲಸ ಪಾಠದ ಹೊರಗಿದ್ದಾಗ ಮಾತ್ರ ನಿಲ್ಲುತ್ತದೆ. ಊರ ಕೆರೆಯ ನೀರು, ಹೂಳು, ಒತ್ತುವರಿ ಅಳೆದು ಪಂಚಾಯಿತಿಗೆ ವರದಿ ಕೊಡುವ ಎಂಟನೇ ತರಗತಿ ಗಣಿತ, ವಿಜ್ಞಾನ, ಪೌರನೀತಿ, ಕನ್ನಡ ಬರವಣಿಗೆಯ ಅವಧಿಯನ್ನೇ ಬಳಸುತ್ತದೆ, ಕಳೆದುಕೊಳ್ಳುವುದಿಲ್ಲ.

ಇನ್ನು 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಶೌಚದ ಗುಂಡಿಗೆ ಇಳಿಸಿದ ಸಂಗತಿ. ಇದು ಬಯಲಾದ ಮೇಲೆ ಮಕ್ಕಳಿಂದ ಶೌಚಾಲಯ ತೊಳೆಸಕೂಡದೆಂದು ಸರ್ಕಾರ ಆದೇಶಿಸಿತು. ಆ ಆದೇಶ ಬೇಕೇ ಬೇಕಾಗಿತ್ತು. ಇಂಥ ನಾಡಿನಲ್ಲಿ ಮಕ್ಕಳ ಶ್ರಮವನ್ನು ಪಠ್ಯಕ್ಕೆ ತರುವುದೇ ಬೇಡ ಎನ್ನುವವರ ಭಯವನ್ನು ಹಗುರವಾಗಿ ನೋಡಲಾಗದು. ಆದರೆ ಆ ಗುಂಡಿಯ ಬಳಿ ಪಾಠವೂ ಇರಲಿಲ್ಲ, ಬೇರೆಯವರ ಮಕ್ಕಳೂ ಇರಲಿಲ್ಲ. ಆದ್ದರಿಂದ ಶ್ರಮದಾನದ ಸುತ್ತೋಲೆ ನಿಮ್ಮೂರ ಶಾಲೆಗೆ ಬಂದಾಗ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಎದ್ದುನಿಂತು ಎರಡು ಪ್ರಶ್ನೆ ಕೇಳಿ: ಇದು ಯಾವ ಪಾಠ? ಯಾರ ಯಾರ ಮಕ್ಕಳು ಮಾಡುತ್ತಾರೆ? ಮೊದಲನೆಯದಕ್ಕೆ ಪುಸ್ತಕದ ಪುಟ ತೋರಿಸದಿದ್ದರೆ, ಎರಡನೆಯದಕ್ಕೆ ಎಲ್ಲರೂ ಎಂಬ ಉತ್ತರ ಬಾರದಿದ್ದರೆ ನಿಮ್ಮ ಮಗುವನ್ನು ಕಳಿಸಬೇಡಿ.