ಜಗಲಿಗೆ ಬಂದ ಜಾಲರಿ

ಗೃಹಸ್ಥನಾದವನು ಬಾಗಿಲಿಗೆ ಅಗಳಿ ಹಾಕುವುದು ಕಳ್ಳನ ಭಯದಿಂದ. ಕಿಟಕಿಗೆ ಸರಳು ಇಡಿಸುವುದೂ ಅದೇ ಭಯದಿಂದ. ಆದರೆ ಕಳ್ಳನು ತಲೆಮಾರಿಗೊಮ್ಮೆ ಬಂದರೆ ಬಂದಾನು. ಪ್ರತಿ ಸಂಜೆಯೂ ತಪ್ಪದೆ ಬಂದು, ಕಿವಿಯ ಬಳಿ ತನ್ನ ಆಗಮನವನ್ನು ತಾನೇ ಸಾರಿ, ನಮ್ಮ ರಕ್ತವನ್ನೇ ಕೊಂಡೊಯ್ಯುವ ಸೊಳ್ಳೆಗೆ ಒಂದು ಅಡ್ಡಿಯನ್ನು ಮಾಡಬೇಕೆಂಬುದು ಮನುಷ್ಯನಿಗೆ ಹೊಳೆದದ್ದು ಬಹು ತಡವಾಗಿ. ಮಂಚದ ಸುತ್ತ ಬಟ್ಟೆಯ ಪರದೆ ಕಟ್ಟುವುದು ಹಳೆಯ ಪದ್ಧತಿಯೇ ಸರಿ. ಆದರೆ ಇಡೀ ಮನೆಗೆ, ಅದರಲ್ಲಿಯೂ ಮುಂದಿನ ತೆರೆದ ಜಗಲಿಗೆ, ಗಾಳಿಯನ್ನು ಬಿಟ್ಟುಕೊಂಡು ಹುಳುವನ್ನು ತಡೆಯುವ ತಂತಿಯ ಜಾಲರಿ ಹಾಕುವ ರೂಢಿ ಬೆಳೆದದ್ದು ಈ ನೂರೈವತ್ತು, ನೂರರವತ್ತು ವರ್ಷಗಳಲ್ಲಿ.

ನಮ್ಮದು ಬೆಂಗಳೂರಿನ ಹಳೆಯ ಬಡಾವಣೆಯ ಹೆಂಚಿನ ಮನೆ. 1898ರ ಪ್ಲೇಗಿನ ಕಾಲದಲ್ಲಿ ಬೆಳೆದ ಬಸವನಗುಡಿ, ಮಲ್ಲೇಶ್ವರಗಳ ಮಾದರಿಯದು. ಗಾಳಿ ಬೆಳಕುಗಳೇ ಔಷಧವೆಂದು ನಂಬಿ ಕಟ್ಟಿದ್ದು. ಅದರ ಜಗಲಿಗೆ ಜಾಲರಿ ಹಾಕಿಸಲು ಹೊರಟಾಗ ಬಡಗಿ ಕೇಳಿದ ಮೊದಲ ಪ್ರಶ್ನೆ, “ಅಂಗುಲಕ್ಕೆ ಎಷ್ಟು ಕಣ್ಣಿನದು ಬೇಕು ಸ್ವಾಮಿ?” ಎಂಬುದು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದವನಿಗೆ ಈ ಬಡ ಜಾಲರಿಯ ಹಿಂದೆ ಮೂರು ಖಂಡಗಳ ಚರಿತ್ರೆಯೇ ಇದೆಯೆಂದು ತಿಳಿಯಿತು.

ಚರಿತ್ರೆ ಮೊದಲಾಗುವುದು ಜರಡಿಯಿಂದ. ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ಜಾರ್ಜ್‌ಟೌನ್ ಎಂಬ ಊರಿನಲ್ಲಿ 1818ರಿಂದ ಬೆಂಜಮಿನ್ ಗಿಲ್ಬರ್ಟ್ ಎಂಬಾತನು ಕುದುರೆಯ ಕೂದಲಿನ ಜರಡಿಗಳನ್ನು ಮಾಡುತ್ತಿದ್ದನು. ಮುಂದೆ ಕೂದಲಿನ ಬದಲು ತಂತಿ ಬಂದಿತು. ಗಿಲ್ಬರ್ಟ್ ಮತ್ತು ಬೆನೆಟ್ ಎಂಬ ಹೆಸರಿನ ಕಾರ್ಖಾನೆಯೂ ಬೆಳೆಯಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ದಕ್ಷಿಣದ ಗಿರಾಕಿಗಳೆಲ್ಲ ಕೈಬಿಟ್ಟುಹೋದರು. ನೇಯ್ದ ತಂತಿ ಉಗ್ರಾಣದಲ್ಲಿ ರಾಶಿ ಬಿದ್ದಿತು. ತುಕ್ಕು ಹಿಡಿಯದಂತೆ ಅದಕ್ಕೆ ಬಣ್ಣ ಬಳಿದು ಕಿಟಕಿಗೆ ಹಾಕಲು ಮಾರಿದರೆ ಹೇಗೆ ಎಂದು ಅಲ್ಲಿನ ನೌಕರನೊಬ್ಬನಿಗೆ ತೋರಿತಂತೆ. ಹೀಗೆ ಹಿಟ್ಟು ಜರಡಿ ಹಿಡಿಯುವ ವಸ್ತು ಗಾಳಿಯನ್ನು ಜರಡಿ ಹಿಡಿಯತೊಡಗಿತು. ಅಂದಿನವರಿಗೆ ಬೇಕಾಗಿದ್ದುದು ನೊಣದ ಕಾಟ ತಪ್ಪುವುದಷ್ಟೆ. ಸೊಳ್ಳೆ ಜ್ವರವನ್ನು ಹೊತ್ತು ತರುತ್ತದೆಂಬ ಮಾತು ಆಗ ಯಾರಿಗೂ ತಿಳಿದಿರಲಿಲ್ಲ. ನಮ್ಮ ಅಡಿಗೆಮನೆಗಳಲ್ಲಿಯೂ ಜಾಲರಿ ಹೀಗೆಯೇ ಮೊದಲು ಹಾಲುಮೊಸರಿನ ಬೀರುವಿಗೆ ಬಂದಿತು. ಬೆಕ್ಕಿನಿಂದ ಹಾಲನ್ನು ಕಾಯ್ದ ಎಷ್ಟೋ ಕಾಲದ ಮೇಲೆ ಅದು ಸೊಳ್ಳೆಯಿಂದ ನಮ್ಮನ್ನು ಕಾಯಲು ಬಂದಿತು.

ಸೊಳ್ಳೆಯ ಕಥೆಗೆ ಬೆಂಗಳೂರೂ ಒಂದು ಸಾಕ್ಷಿ. 1883ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ವೈದ್ಯನು ಇಲ್ಲಿನ ದಂಡಿಗೆ ಹಂಗಾಮಿ ವೈದ್ಯಾಧಿಕಾರಿಯಾಗಿ ಬಂದನು. ತಾನಿದ್ದ ಬಂಗಲೆಯಲ್ಲಿ ಸೊಳ್ಳೆಗಳು ವಿಪರೀತವಾಗಿರುವುದನ್ನು ಕಂಡು ಹುಡುಕಿ ನೋಡಿದರೆ, ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಹುಳುಗಳು ಮಿಜಿಗುಟ್ಟುತ್ತಿದ್ದವು. ತೊಟ್ಟಿಯನ್ನು ಬೋರಲು ಹಾಕಿಸಿದನು, ಸೊಳ್ಳೆಗಳು ತೊಲಗಿದವು. ಊಟದ ಮೇಜಿನ ಕೆಳಗಿನ ನೀರಿನ ಡಬ್ಬಿಗಳಲ್ಲಿ, ಹೂದಾನಿಗಳಲ್ಲಿ, ತೋಟದ ತೊಟ್ಟಿಗಳಲ್ಲಿಯೂ ಇದೇ ಹುಳುಗಳಿವೆ, ಅವನ್ನೂ ಚೆಲ್ಲಿಸೋಣವೆಂದು ಸೈನ್ಯದ ಅಧಿಕಾರಿಯೊಬ್ಬನಿಗೆ ಹೇಳಿದರೆ ಆತನು ಒಪ್ಪಲಿಲ್ಲ. ಸೃಷ್ಟಿಯಲ್ಲಿ ಸೊಳ್ಳೆಗೂ ಏನೋ ಒಂದು ಉದ್ದೇಶವಿದೆ, ಅದನ್ನು ಸಹಿಸಿಕೊಳ್ಳುವುದೇ ಧರ್ಮ ಎಂದು ವೇದಾಂತ ಹೇಳಿದನಂತೆ! ಹದಿನಾಲ್ಕು ವರ್ಷಗಳ ಮೇಲೆ, 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ ರಾಸ್ ಮಹಾಶಯನು ಸೊಳ್ಳೆಯ ಹೊಟ್ಟೆಯೊಳಗೆ ಚಳಿಜ್ವರದ ಬೀಜವನ್ನು ಕಂಡನು. 1902ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂದಿತು.

ಕಂಡದ್ದು ಪ್ರಯೋಗಶಾಲೆಯಲ್ಲಿ; ಜನ ನಂಬಬೇಕಲ್ಲ? ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆಂಬ ನಂಬಿಕೆ ಎಷ್ಟು ಹಳೆಯದೆಂದರೆ ‘ಮಲೇರಿಯ’ ಎಂಬ ಇಟಲಿಯ ಪದದ ಅರ್ಥವೇ ‘ಕೆಟ್ಟ ಗಾಳಿ’. ಈ ನಂಬಿಕೆಯನ್ನು ಒರೆಗೆ ಹಚ್ಚಿ ನೋಡಿದ ಕೀರ್ತಿ ನಮ್ಮ ಜಾಲರಿಗೆ ಸಲ್ಲಬೇಕು. ಗಾಳಿಯನ್ನು ಒಳಗೆ ಬಿಟ್ಟು ಸೊಳ್ಳೆಯನ್ನು ಮಾತ್ರ ಹೊರಗಿಟ್ಟು ನೋಡಿದರೆ ತಪ್ಪಿತಸ್ಥನಾರೆಂದು ತಾನಾಗಿಯೇ ತಿಳಿಯುವುದಿಲ್ಲವೆ? 1900ರ ಬೇಸಿಗೆಯಲ್ಲಿ, ಇಂಗ್ಲೆಂಡಿನ ಪ್ಯಾಟ್ರಿಕ್ ಮ್ಯಾನ್ಸನ್ನನ ಪ್ರೇರಣೆಯಿಂದ ಸಾಂಬನ್ ಮತ್ತು ಲೋ ಎಂಬ ವೈದ್ಯರು ರೋಮ್ ನಗರದ ಸಮೀಪ, ಓಸ್ಟಿಯದ ಜವುಗು ನೆಲದಲ್ಲಿ ಒಂದು ಮರದ ಮನೆಯನ್ನು ನಿಲ್ಲಿಸಿದರು. ಬಾಗಿಲು, ಕಿಟಕಿಗಳಿಗೆಲ್ಲ ಜಾಲರಿ. ಹಗಲು ಹೊರಗೆ ಸುತ್ತಾಡುವರು. ಸೂರ್ಯ ಮುಳುಗುವ ಮುನ್ನ ಒಳಗೆ ಸೇರಿ ಬೆಳಗಿನವರೆಗೂ ಅಲ್ಲಿಯೇ ಇರುವರು. ಕ್ವಿನೈನನ್ನು ಮುಟ್ಟಲಿಲ್ಲ, ರಾತ್ರಿಯ ‘ವಿಷದ ಗಾಳಿ’ಯನ್ನು ಯಥೇಚ್ಛವಾಗಿ ಕುಡಿದರು. ಅಕ್ಟೋಬರ್ ತಿಂಗಳವರೆಗೂ ಅವರಿಗೆ ಜ್ವರ ಸೋಕಲಿಲ್ಲ. ಅದೇ ವರ್ಷ ಇಟಲಿಯ ಗ್ರಾಸಿ ಎಂಬ ವಿಜ್ಞಾನಿ ಕಪಾಚ್ಚೊ ಬಯಲಿನಲ್ಲಿ 112 ಮಂದಿಯನ್ನು ಜಾಲರಿಯ ಮನೆಗಳಲ್ಲಿ ಇರಿಸಿದನು. ಅವರಲ್ಲಿ ಜ್ವರ ಬಂದದ್ದು 5 ಮಂದಿಗೆ. ರಕ್ಷಣೆಯಿಲ್ಲದ 415 ಮಂದಿಯಲ್ಲಿ ಒಬ್ಬರೂ ಉಳಿಯದೆ ಎಲ್ಲರಿಗೂ ಬಂದಿತು. ಇದಕ್ಕಿಂತ ಸ್ಪಷ್ಟವಾದ ತೀರ್ಪು ಬೇಕೆ?

ಈ ತೀರ್ಪನ್ನು ದೊಡ್ಡ ಪ್ರಮಾಣದಲ್ಲಿ ಜಾರಿಗೆ ತಂದದ್ದು ಪನಾಮದಲ್ಲಿ. ಎರಡು ಮಹಾಸಾಗರಗಳನ್ನು ಕೂಡಿಸುವ ಕಾಲುವೆಯನ್ನು ಮೊದಲು ತೋಡಲು ಹೊರಟ ಫ್ರೆಂಚರು 1881ರಿಂದ 1889ರವರೆಗೆ ಹೆಣಗಿ ಕೈಬಿಟ್ಟರು. ಹಳದಿ ಜ್ವರ ಮತ್ತು ಚಳಿಜ್ವರಗಳಿಂದಲೇ ಬಹುಮಟ್ಟಿಗೆ ಸುಮಾರು 22,000 ಜನ ಸತ್ತರೆಂದು ಅಂದಾಜು. ಅವರ ಆಂಕಾನ್ ಆಸ್ಪತ್ರೆ ಬಹು ಸುಂದರವಾದುದು. ಆದರೆ ಕಿಟಕಿಗಳಿಗೆ ಜಾಲರಿ ಇರಲಿಲ್ಲ. ಇರುವೆ ಹತ್ತದಿರಲೆಂದು ರೋಗಿಗಳ ಮಂಚದ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ಇಟ್ಟಿದ್ದರು! ಬೆಂಗಳೂರಿನ ಊಟದ ಮೇಜಿನ ಕೆಳಗಿದ್ದ ಡಬ್ಬಿಗಳೇ ಅಲ್ಲಿ ಮಂಚದ ಕೆಳಗೆ ಬಂದಿದ್ದವು. ಇರುವೆ ತಪ್ಪಿತು, ಯಮ ಬಂದನು. 1904ರಲ್ಲಿ ಅಮೆರಿಕದವರು ಕೆಲಸ ವಹಿಸಿಕೊಂಡಾಗ, ಹವಾನಾ ಪಟ್ಟಣದಿಂದ ಹಳದಿ ಜ್ವರವನ್ನು ಅಟ್ಟಿ ಹೆಸರಾಗಿದ್ದ ವಿಲಿಯಂ ಗೋರ್ಗಸ್ ಎಂಬ ಸೇನಾವೈದ್ಯನನ್ನು ಕಳುಹಿಸಿದರು. ಆತನು ಜಾಲರಿ ಬೇಕೆಂದು ಬೇಡಿದಾಗ ಮೇಲಿನವರು ಮೊದಮೊದಲು ಹಿಂದೆ ಮುಂದೆ ನೋಡಿದರು. ಜ್ವರ ಎದ್ದು ಜನ ಹಡಗು ಹತ್ತಿ ಓಡತೊಡಗಿದ ಮೇಲೆ ಹಣ ಬಂದಿತು. ನಿಂತ ನೀರು ಚೆಲ್ಲಿಸಿದರು, ಚರಂಡಿ ತೋಡಿಸಿದರು, ಎಣ್ಣೆ ಹಾಯಿಸಿದರು, ಜಗಲಿಗಳಿಗೆ ಜಾಲರಿ ಬಿಗಿಸಿದರು. 1905ರ ನವೆಂಬರಿನ ಮೇಲೆ ಪನಾಮ ಪಟ್ಟಣದಲ್ಲಿ ಹಳದಿ ಜ್ವರ ಕಾಣಲಿಲ್ಲ. 1914ರ ಆಗಸ್ಟ್ 15ರಂದು ಕಾಲುವೆ ತೆರೆಯಿತು.

ಜಾಲರಿ ಆರಿಸುವ ಶಾಸ್ತ್ರವನ್ನು ಪಕ್ವಗೊಳಿಸಿದ್ದೂ ಇಂಥ ಕಡೆಗಳ ಅನುಭವವೇ. ಕಡಲ ಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ ಅಲ್ಲಿ ತಾಮ್ರದ ತಂತಿಯನ್ನು ಬಳಸಿದರು. ನಮ್ಮ ಮಂಗಳೂರು, ಕಾರವಾರಗಳವರಿಗೂ ಈ ಮಾತು ಅನ್ವಯಿಸುತ್ತದೆ; ಈಗ ತುಕ್ಕು ಹಿಡಿಯದ ಉಕ್ಕು, ಅಲ್ಯೂಮಿನಿಯಂ, ಗಾಜಿನ ನಾರು ಮುಂತಾದವೂ ಸಿಕ್ಕುತ್ತವೆ. ಇನ್ನು ಕಣ್ಣಿನ ಲೆಕ್ಕ. ಅಂಗುಲಕ್ಕೆ 16 ರಿಂದ 18 ಕಣ್ಣುಗಳಿದ್ದರೆ ಸೊಳ್ಳೆ ನುಸುಳದು. ಆದರೆ ಎಣಿಕೆಯೊಂದೇ ಸಾಲದು, ತಂತಿಯ ದಪ್ಪವನ್ನೂ ನೋಡಬೇಕು. ಅಂಗುಲಕ್ಕೆ 16 ಕಣ್ಣಿದ್ದು ತಂತಿ ಕಾಲು ಮಿಲಿಮೀಟರಿಗಿಂತ ತುಸು ದಪ್ಪವಿದ್ದರೆ ಜಾಲರಿಯ ಮೂರರಲ್ಲಿ ಎರಡು ಪಾಲು ಮಾತ್ರ ತೆರವಾಗಿರುತ್ತದೆ, ಉಳಿದದ್ದು ತಂತಿಯೇ. ಅತಿ ಸಣ್ಣ ಕಣ್ಣಿನದನ್ನು ಹಾಕಿದರೆ ಸೊಳ್ಳೆಯೊಂದಿಗೆ ಗಾಳಿಯೂ ಹೊರಗೆ ನಿಂತೀತು. ನಾನು 16ರ ಎಣಿಕೆಯ ಉಕ್ಕಿನದನ್ನು ಆರಿಸಿದೆ.

ಹಳೆಯ ಜಗಲಿಗೆ ಅದನ್ನು ಕೂಡಿಸುವುದು ಬೇರೆಯೇ ವಿದ್ಯೆ. ಕಂಬಗಳು ನೆಟ್ಟಗಿರುವುದಿಲ್ಲ, ಮರ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಹಳೆಯ ಕಂಬಕ್ಕೂ ಕೆತ್ತನೆಯ ಹಲಗೆಗೂ ಮೊಳೆ ಹೊಡೆಯದೆ, ಒಂದೊಂದು ಅಂಕಣಕ್ಕೂ ಪ್ರತ್ಯೇಕವಾದ ಚೌಕಟ್ಟು ಮಾಡಿಸಿ, ಬೇಕೆಂದಾಗ ಕಳಚುವಂತೆ ತಿರುಪಿನಿಂದ ಬಿಗಿಸುವುದು ಲೇಸು. ಬಾಗಿಲು ಹೊರಕ್ಕೆ ತೆರೆಯಬೇಕು; ಒಳಕ್ಕೆ ತೆರೆದರೆ ಜಾಲರಿಯ ಮೇಲೆ ಕಾದು ಕೂತ ಸೊಳ್ಳೆಗಳನ್ನೆಲ್ಲ ನಾವೇ ಕೈಹಿಡಿದು ಬರಮಾಡಿಕೊಂಡಂತೆ. ಎಲ್ಲಕ್ಕಿಂತ ಮುಖ್ಯವಾದುದು, ಗೋಡೆಗೂ ಹೆಂಚಿನ ಮಾಡಿಗೂ ನಡುವಣ ಸಂದು. ಮುಂದೆ ಎಷ್ಟು ಅಂದವಾದ ಜಾಲರಿ ಇದ್ದರೂ ಮಾಡಿನ ಸಂದು ತೆರೆದಿದ್ದರೆ ಕೋಟೆಯ ಹೆಬ್ಬಾಗಿಲು ಮುಚ್ಚಿ ದಿಡ್ಡಿಬಾಗಿಲು ತೆರೆದಿಟ್ಟಂತಾಯಿತು.

ಇಷ್ಟಕ್ಕೆ ಚರಿತ್ರೆ ಮುಗಿದಿದ್ದರೆ ಅದು ಬರಿಯ ವಿಜಯಗಾಥೆಯಾಗುತ್ತಿತ್ತು. ಆದರೆ ಪನಾಮದ ಜಾಲರಿಯ ಹೊರಗೂ ಜನರಿದ್ದರು. ಅಲ್ಲಿ ನೌಕರರನ್ನು ಚಿನ್ನದ ಪಟ್ಟಿ, ಬೆಳ್ಳಿಯ ಪಟ್ಟಿ ಎಂದು ಎರಡಾಗಿ ವಿಂಗಡಿಸಿದ್ದರು. ಚಿನ್ನದ ನಾಣ್ಯದಲ್ಲಿ ಸಂಬಳ ಪಡೆಯುವ ಬಿಳಿಯರಿಗೆ ಜಾಲರಿ ಹಾಕಿದ ಜಗಲಿಯ ಮನೆಗಳು. ಬಾರ್ಬಡೋಸ್ ಮೊದಲಾದ ದ್ವೀಪಗಳಿಂದ ಬಂದು ಗುದ್ದಲಿ ಹಿಡಿದ ಕರಿಯ ಕೂಲಿಗಳಿಗೆ ಬೆಳ್ಳಿ. ಅವರಲ್ಲಿ ಬಹುಮಂದಿ ಜಾಲರಿಯಿಲ್ಲದ ವಠಾರಗಳಲ್ಲಿಯೂ ಕಾಡಿನಂಚಿನ ಗುಡಿಸಲುಗಳಲ್ಲಿಯೂ ವಾಸಿಸಿದರು. ಅಮೆರಿಕದವರ ಕಾಲದಲ್ಲಿ ರೋಗದಿಂದಲೂ ಅಪಘಾತದಿಂದಲೂ ಸತ್ತವರು ಲೆಕ್ಕಕ್ಕೆ ಸಿಕ್ಕಂತೆ 5,609 ಮಂದಿ. ಅವರಲ್ಲಿ ಸುಮಾರು 4,500 ಮಂದಿ ಕರಿಯ ಕೂಲಿಗಳು. ಎಲ್ಲವೂ ಸೊಳ್ಳೆಯಿಂದಾದ ಸಾವುಗಳಲ್ಲ, ನಿಜ. ಆದರೂ ಜಾಲರಿ ಹುಳುವನ್ನಷ್ಟೇ ಅಲ್ಲ, ಮನುಷ್ಯರನ್ನೂ ಒಳಗಿನವರು ಹೊರಗಿನವರೆಂದು ಸೋಸಬಲ್ಲುದೆಂಬುದಕ್ಕೆ ಈ ಅಂಕಿಗಳು ಸಾಕು.

ನಮ್ಮ ದೇಶದಲ್ಲಿ ಇನ್ನೊಂದು ಬಗೆಯ ಪಾಠವಾಯಿತು. 1953ರಲ್ಲಿ ಸರ್ಕಾರ ಮಲೇರಿಯ ನಿಯಂತ್ರಣಕ್ಕೆ ತೊಡಗಿ, ಬಡವ ಬಲ್ಲಿದರೆನ್ನದೆ ಮನೆಮನೆಯ ಗೋಡೆಗೂ ಡಿ.ಡಿ.ಟಿ. ಸಿಂಪಡಿಸಿತು. 1961ರ ವೇಳೆಗೆ ರೋಗಿಗಳ ಸಂಖ್ಯೆ ಸುಮಾರು 50,000ಕ್ಕೆ ಇಳಿಯಿತು. ಗೆದ್ದೆವೆಂದು ಮೈಮರೆತದ್ದಕ್ಕೂ, ಸೊಳ್ಳೆ ಮದ್ದಿಗೆ ಒಗ್ಗಿಕೊಂಡದ್ದಕ್ಕೂ ಸರಿಹೋಗಿ, 1976ರಲ್ಲಿ ಅದು 64 ಲಕ್ಷಕ್ಕೆ ಏರಿತು. ಆಮೇಲೆ ಪಟ್ಟಣಗಳನ್ನು ಕಾಡಲು ಬಂದದ್ದು ಡೆಂಗ್ಯೂ. ಅದನ್ನು ತರುವ ಸೊಳ್ಳೆ ಹಗಲಿನಲ್ಲಿ ಕಚ್ಚುವಂಥದು. ಅದು ಹುಟ್ಟುವುದು ದೂರದ ಜವುಗಿನಲ್ಲಲ್ಲ, ನಮ್ಮ ಹಿತ್ತಿಲಿನ ಬಕೇಟು, ಹೂಕುಂಡದ ತಟ್ಟೆ, ಮುಚ್ಚಳವಿಲ್ಲದ ತೊಟ್ಟಿಗಳಲ್ಲಿ. ಅದು ಒಳಗೇ ಹುಟ್ಟಿದರೆ ಜಾಲರಿ ಅದನ್ನು ಹೊರಕ್ಕೆ ಹೋಗದಂತೆ ಕಾಯುವ ಪಂಜರವಾದೀತು! 2024ರಲ್ಲಿ ಕರ್ನಾಟಕ ಸರ್ಕಾರವು ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವ ನಗರದ ಮನೆಗೆ 400 ರೂಪಾಯಿ ದಂಡವನ್ನು ಗೊತ್ತುಮಾಡಿತು. 1883ರಲ್ಲಿ ರಾಸ್ ಬೋರಲು ಹಾಕಿಸಿದ ತೊಟ್ಟಿಗೆ ಅದೇ ಊರಿನಲ್ಲಿ ಕಾನೂನಿನ ಬಲ ಬರಲು 141 ವರ್ಷ ಹಿಡಿಯಿತು.

ಜಗಲಿಗೆ ಜಾಲರಿ ಬೇಡವೆಂದು ನಾನು ಹೇಳುವುದಿಲ್ಲ. ಅದು ಕೊಟ್ಟ ನೆಮ್ಮದಿಯ ಸಂಜೆಗಳಿಗೆ ನಾನು ಋಣಿ. ಆದರೆ ಜಗಲಿ ಹಿಂದಿನಿಂದಲೂ ಅರ್ಧ ಮನೆಗೂ ಅರ್ಧ ಬೀದಿಗೂ ಸೇರಿದ ಸ್ಥಳ. ಹಾದಿಹೋಕನು ಕೂತು ದಣಿವಾರಿಸಿಕೊಂಡದ್ದು, ನೆರೆಯವರು ಕಷ್ಟಸುಖ ಹೇಳಿಕೊಂಡದ್ದು ಅಲ್ಲಿಯೇ. ಅದಕ್ಕೆ ಜಾಲರಿ ಹಾಕಿಸುವ ಯಜಮಾನನು ಬಡಗಿಯ ಲೆಕ್ಕ ತೀರಿಸುವ ಮುನ್ನ ಮನೆಯ ಸುತ್ತ ಒಂದು ಪ್ರದಕ್ಷಿಣೆ ಬಂದು ನಿಂತ ನೀರನ್ನೆಲ್ಲ ಚೆಲ್ಲಲಿ. ಸಾಧ್ಯವಾದರೆ ಪಕ್ಕದ ಖಾಲಿ ನಿವೇಶನವನ್ನೂ, ಎದುರಿನ ಕೂಲಿಗಾರರ ಗುಡಿಸಲುಗಳ ಬಳಿಯ ಡ್ರಮ್ಮುಗಳನ್ನೂ ಆ ಪ್ರದಕ್ಷಿಣೆಗೆ ಸೇರಿಸಿಕೊಳ್ಳಲಿ. ಅಲ್ಲಿನವರಿಗೆ ಜಾಲರಿ ಹಾಕಿಸಿಕೊಳ್ಳುವ ಶಕ್ತಿಯಿಲ್ಲ. ಡ್ರಮ್ಮಿಗೊಂದು ಮುಚ್ಚಳವನ್ನಾದರೂ ನಾವು ಒದಗಿಸಬಹುದು.